ಗೆದ್ದವರೇ ಹೋಗತಕ್ಕದ್ದು

ಹಲ್ ಎಂಬ ಬಂದರು ಪಟ್ಟಣದ ಹೆಸಲ್ ರಸ್ತೆಯ ಸಾಲುಮನೆಗಳಲ್ಲಿ ಥೆಲ್ಮಾ ಸ್ಟ್ಯಾಥರಳ ಮನೆಯನ್ನು ಯಾರೂ ವಿಳಾಸ ಕೇಳಿ ಹುಡುಕಬೇಕಾಗಿರಲಿಲ್ಲ. ಹಿತ್ತಲ ಗೋಡೆಗೆ ಒರಗಿಸಿದ್ದ ಕೆಂಪು ದೋಣಿ ದೂರಕ್ಕೇ ಕಾಣುತ್ತಿತ್ತು. ದೋಣಿಯನ್ನು ಅವಳು ಒಂದು ಸಾಬೂನು ಕಂಪನಿಯ ಸ್ಪರ್ಧೆಯಲ್ಲಿ ಗೆದ್ದಿದ್ದಳು. ಅಟ್ಟದಲ್ಲಿ ಡಬ್ಬ ಬಿಚ್ಚದ ಕೆಟಲ್‌ಗಳು, ಮೆಟ್ಟಿಲ ಕೆಳಗೆ ಸೈಕಲ್ಲು, ನಾಯಿಯೇ ಇಲ್ಲದ ಮನೆಯಲ್ಲಿ ವರ್ಷಕ್ಕಾಗುವಷ್ಟು ನಾಯಿ ಬಿಸ್ಕತ್ತು. ನೋಡಿದವರು ಅದೃಷ್ಟವಂತೆ ಎನ್ನುತ್ತಿದ್ದರು. ಆ ಮಾತು ಕೇಳಿದರೆ ಥೆಲ್ಮಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಪೊಟ್ಟಣಗಳ ಲೇಬಲ್ ಕತ್ತರಿಸಿ, ಕಂಪನಿಯವರು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಹನ್ನೆರಡು ಪದ ಮೀರದಂತೆ ಮುಗಿಸಿ, ಸಾವಿರಾರು ಜನರನ್ನು ಹಿಂದೆ ಹಾಕುವುದು ಅವಳ ಮಟ್ಟಿಗೆ ಬಡಗಿಯ ಕೆಲಸದಂಥದೇ ಕಸುಬು.

ಒಂದು ಕೊರಗು ಮಾತ್ರ ಉಳಿದಿತ್ತು. ಪ್ರವಾಸ ಗೆದ್ದಿರಲಿಲ್ಲ. ತಿಂಗಳಿಗೊಮ್ಮೆ ಇಗರ್ಜಿಯ ಸಭಾಂಗಣದಲ್ಲಿ ಸ್ಪರ್ಧೆ ಬರೆಯುವ ಹೆಂಗಸರೆಲ್ಲ ಸೇರುತ್ತಿದ್ದರು. ಅಲ್ಲಿ ಪ್ರವಾಸ ಗೆದ್ದವರ ಕುರ್ಚಿಯ ಗತ್ತೇ ಬೇರೆ. ಕೆಟಲ್ ಗೆದ್ದವರ ಮಾತನ್ನು ಅರ್ಧಕ್ಕೇ ತಡೆದು ಅವರು ಮಯೋರ್ಕಾ ದ್ವೀಪದ ಬಿಸಿಲಿನ ಸುದ್ದಿ ಎತ್ತುತ್ತಿದ್ದರು. ಥೆಲ್ಮಾಳಿಗೆ ಐವತ್ತು ದಾಟಿತ್ತು. ಬಂದರಿನ ಊರಿನಲ್ಲೇ ಹುಟ್ಟಿ ಬೆಳೆದವಳು, ಸಮುದ್ರ ದಾಟಿರಲಿಲ್ಲ.

ಹಾಗೆಂದು ಅವಳಿಗೆ ತಿಳಿಯದ ನಿಯಮವಿರಲಿಲ್ಲ. ಅದೇ ಗುಂಪಿನ ಒಬ್ಬಾಕೆ ಸ್ಪೇನ್ ಪ್ರವಾಸ ಗೆದ್ದು, ಅಳಿಯ ಆ ಕಂಪನಿಯಲ್ಲೇ ಗುಮಾಸ್ತನಾದ್ದರಿಂದ, ನೌಕರರ ನೆಂಟರಿಗೆ ಬಹುಮಾನವಿಲ್ಲವೆಂಬ ನಿಯಮಕ್ಕೆ ಸಿಕ್ಕು ಕೈಚೆಲ್ಲಿ ಕೂತಾಗ, "ಸಣ್ಣ ಅಕ್ಷರ ಓದೋಕೆ ಕನ್ನಡಕ ಇರ್ಲಿಲ್ವಾ?" ಎಂದು ಎಲ್ಲರೆದುರು ಕೇಳಿದವಳು ಥೆಲ್ಮಾ. ಸ್ಪರ್ಧೆಗೆ ಒಬ್ಬರಿಂದ ಒಂದೇ ಪ್ರವೇಶಪತ್ರ ಎಂಬ ನಿಯಮವನ್ನೂ ಅವಳು ಮೀರಿದವಳಲ್ಲ. ತನ್ನ ಹೆಸರಲ್ಲಿ ಒಂದು, ಗಂಡ ಕೀತ್ ಹೆಸರಲ್ಲಿ ಒಂದು, ಮಾವ ಕ್ಲಾರೆನ್ಸ್ ಹೆಸರಲ್ಲಿ ಒಂದು ಕಳಿಸುತ್ತಿದ್ದಳು. ಮೂರನ್ನೂ ಬರೆಯುತ್ತಿದ್ದವಳು ಅವಳೇ. ಯಾರ ಹೆಸರಿಗೆ ಬರೆಯುತ್ತಾಳೋ ಅವರೇ ಆಗಿ ಕೂತು ಯೋಚಿಸುವುದು ಅವಳ ರೀತಿ. ಬರಹ ಪ್ರವೇಶಪತ್ರ ಕಳಿಸಿದವರ ಸ್ವಂತದ್ದಾಗಿರಬೇಕು ಎಂಬ ಇನ್ನೊಂದು ನಿಯಮವನ್ನು ಮಾತ್ರ ಗುಂಪಿನ ಎಲ್ಲರಂತೆ ಅವಳೂ ಕಂಡೂ ಕಾಣದಂತೆ ದಾಟಿಬಿಡುತ್ತಿದ್ದಳು.

ಸಾವಿರದ ಒಂಬೈನೂರ ಎಂಬತ್ತೇಳರ ವಸಂತದಲ್ಲಿ ಬೆಲ್‌ಥಾರ್ಪ್ ಚಹಾ ಕಂಪನಿಯಿಂದ ಕಾಗದ ಬಂತು. ಮೇಲೆ ಕ್ಲಾರೆನ್ಸ್ ಸ್ಟ್ಯಾಥರ್ ಎಂದಿತ್ತು. ಮಾವನಿಗೆ ಎಪ್ಪತ್ತೆಂಟು. ಮೀನಿನ ಹಡಗುಗಳಲ್ಲಿ ಹಿಮದ ಕಡಲು ಸುತ್ತಿ ಬೆರಳು ಸೆಟೆದುಹೋಗಿದ್ದ ಆಳು. ಮಾತು ಕಡಿಮೆ, ಇದ್ದರೂ ಚುಚ್ಚುಮಾತು. ಮದುವೆಯಾಗಿ ಮೂವತ್ತು ವರ್ಷವಾದರೂ ಹೊರಗಿನವರಿಗೆ ಥೆಲ್ಮಾಳನ್ನು "ಕೀತ್ ಹೆಂಡ್ತಿ" ಎಂದೇ ಪರಿಚಯಿಸುತ್ತಿದ್ದ.

"ಮಾವ, ನೀವು ಗೆದ್ದಿದ್ದೀರಿ" ಎಂದಳು ಥೆಲ್ಮಾ.

"ಮತ್ತೆ ಕೆಟಲ್ಲಾ?"

"ನಾರ್ವೆ. ಜೂನ್‌ನಲ್ಲಿ, ದೊಡ್ಡ ಹಡಗಲ್ಲಿ ಎರಡು ವಾರ. ಇಬ್ಬರಿಗೆ."

"ನಾರ್ವೆಗಾ? ನಂಗೆ ಸಂಬಳ ಕೊಟ್ಟು ಕಳಿಸ್ತಿದ್ರು ಹುಡುಗಿ, ಆಗ್ಲೂ ಹೋಗೋಕೆ ಮನಸ್ಸಿರ್ತಿರ್ಲಿಲ್ಲ. ನೀನೂ ಕೀತೂ ಹೋಗ್ಬನ್ನಿ."

"ಹಾಗೆ ಆಗಲ್ಲ. ಬದಲಿಗೆ ದುಡ್ಡೂ ಕೊಡಲ್ಲ, ಬೇರೆಯವರಿಗೆ ದಾಟಿಸೋ ಹಾಗೂ ಇಲ್ಲ. ಗೆದ್ದವರೇ ಹೋಗತಕ್ಕದ್ದು ಅಂತ ಬರೆದಿದೆ. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗ್ಬಹುದು."

ಮೂಲೆಯಲ್ಲಿ ಕರಿದ ಆಲೂಗಡ್ಡೆ ಪ್ಯಾಟಿ ತಿನ್ನುತ್ತಿದ್ದ ಕೀತ್ ತಲೆ ಎತ್ತಿದ. "ನನ್ನನ್ನ ನೋಡ್ಬೇಡಿ. ಹಂಬರ್ ನದಿ ದಾಟೋ ದೋಣೀಲೇ ನಂಗೆ ವಾಂತಿ ಬರ್ತಿತ್ತು."

"ಮೀನುಗಾರನ ಮಗ ಅಂತ ಹೇಳ್ಕೋಬೇಡ ಹೊರಗೆ" ಎಂದ ಮುದುಕ. ಆಮೇಲೆ ಸೊಸೆಯ ಕಡೆ ತಿರುಗಿ, "ಅದೇನು ಬರೆದೆ ನನ್ನ ಹೆಸರಲ್ಲಿ? ಓದು" ಎಂದ.

ನಾನು ಬೆಲ್‌ಥಾರ್ಪ್ ಚಹಾ ಕುಡಿಯುತ್ತೇನೆ, ಏಕೆಂದರೆ, ಎಂದು ಕಂಪನಿ ಶುರು ಮಾಡಿ ಬಿಟ್ಟಿತ್ತು. ಥೆಲ್ಮಾ ಅದನ್ನು ಮುಗಿಸಿದ್ದು ಹೀಗೆ: "ಹಿಮದ ಕಡಲಿಂದ ಮರಳಿದ ಕೈಗಳಿಗೆ, ಒಂದು ಮಾತೂ ಕೇಳದೆ, ಅವಳು ಮೊದಲು ಕೊಟ್ಟದ್ದು ಇದನ್ನೇ." ಹನ್ನೆರಡಕ್ಕೆ ಒಂದು ಪದ ಕಡಿಮೆಯೇ ಆಗಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಈಡಿ ಬಾಗಿಲಲ್ಲೇ ಗಂಡನ ಕೈಗೆ ಲೋಟ ಕೊಡುತ್ತಿದ್ದುದನ್ನು ಥೆಲ್ಮಾ ನೋಡಿದ್ದಳು. ಈಡಿ ತೀರಿಹೋಗಿ ಆರು ವರ್ಷವಾಗಿತ್ತು.

ಕ್ಲಾರೆನ್ಸ್ ಒಲೆಗೂಡಿನ ಮೇಲಿದ್ದ ಹೆಂಡತಿಯ ಪಟ ನೋಡಿದ. ಆಮೇಲೆ ಹಿತ್ತಲಿಗೆ ಹೋಗಿ ಕೆಂಪು ದೋಣಿಯ ಪಕ್ಕ ಬಹಳ ಹೊತ್ತು ನಿಂತ. ಬರೆದದ್ದು ಹಿಡಿಸಲಿಲ್ಲವೇನೋ ಎಂದು ಥೆಲ್ಮಾ ಕಿಟಕಿಯಿಂದ ಇಣುಕಿದಳು. ಒಳಗೆ ಬಂದವನು ಕೇಳಿದ್ದು ಇಷ್ಟೇ: "ಪಾಸ್‌ಪೋರ್ಟಿಗೆ ಫೋಟೋ ಬೇಕಲ್ವಾ?"

ಜೊತೆಗೆ ಹೋಗುವವಳು ಥೆಲ್ಮಾಳೇ ಎಂದಾಯಿತು, ಅಲ್ಲಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹಡಗು ಹೊರಡುವ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಬೇಕು, ತಾರೀಕು ಬದಲಾಯಿಸುವಂತಿಲ್ಲ, ಇಬ್ಬರಿಗೂ ಸೇರಿ ಒಂದೇ ಕೋಣೆ. ಮಾವ ಸೊಸೆ ಒಂದೇ ಕೋಣೆಯಲ್ಲಿ ಹೇಗೆಂದು ಥೆಲ್ಮಾ ನಾಚಿಕೆ ಬಿಟ್ಟು ಕಂಪನಿಗೆ ಬರೆದು, ಎರಡು ಹಾಸಿಗೆ, ನಡುವೆ ಪರದೆ ಎಂದು ಒಪ್ಪಿಸಿದಳು. "ಇಪ್ಪತ್ತು ಜನರ ಗೊರಕೆ ಮಧ್ಯೆ ಮಲಗಿದವನು ನಾನು. ನಿನ್ನದೊಂದು ಯಾವ ಲೆಕ್ಕ?" ಎಂದು ಮುದುಕ ಕಿಚಾಯಿಸಿದ. ಆದರೆ ಹಳೆಯ ಹಡಗುಗಾರರ ಕ್ಲಬ್ಬಿನಲ್ಲಿ ಅವನ ನಡಿಗೆಯೇ ಬದಲಾಗಿತ್ತು. ನಾರ್ವೆಯ ದಂಡೆಯನ್ನು ಚಳಿಗಾಲದ ಕತ್ತಲಲ್ಲಿ, ಹಗ್ಗದ ಮೇಲಿನ ಹಿಮ ಒಡೆಯುತ್ತ ಮಾತ್ರ ನೋಡಿದ್ದೆ, ಈಗ ಮುಳುಗದ ಸೂರ್ಯನ ಬೆಳಕಲ್ಲಿ ನೋಡುತ್ತೇನೆ ಎಂದು ಗೆಳೆಯರಿಗೆ ಹೇಳಿದನಂತೆ. ಅದು ಕಿವಿಗೆ ಬಿದ್ದಾಗ ಥೆಲ್ಮಾ ಹಿಗ್ಗಿಹೋದಳು. ತನ್ನ ಪೆನ್ನಿನ ಹನ್ನೊಂದು ಪದ ಒಂದು ಮನೆಯ ಇಬ್ಬರನ್ನು ಸಮುದ್ರ ದಾಟಿಸಲಿತ್ತು.

ಟಿಕೆಟ್ ಒಪ್ಪಿಸಿ ಫೋಟೋ ತೆಗೆಸಲು ಕಂಪನಿಯಿಂದ ಮಿಸ್ ಪ್ರೆಂಟಿಸ್ ಎಂಬ ಹೆಣ್ಣುಮಗಳು ಬರುತ್ತಾಳೆಂದು ಗೊತ್ತಾಯಿತು. ಹಿಂದಿನ ದಿನ ಥೆಲ್ಮಾ ಮಾವನನ್ನು ಕೂರಿಸಿಕೊಂಡಳು.

"ಹೇಗೆ ಹೊಳೀತು ಅಂತ ಕೇಳೇ ಕೇಳ್ತಾರೆ. ಟೀ ಕುಡೀತಾ ಕೂತಿದ್ದೆ, ಹಾಗೇ ಹೊಳೀತು ಅನ್ನಿ, ಸಾಕು."

"ಹೂಂ."

"ಹೂಂ ಅಂದ್ರೆ ಏನು ಮಾವ? ಹೇಳ್ತೀರಾ?"

"ಕೇಳಿಸ್ತು ಹುಡುಗಿ" ಎಂದ. ಹೇಳುತ್ತೇನೆ ಎನ್ನಲಿಲ್ಲ. ಥೆಲ್ಮಾ ಅದನ್ನು ಗಮನಿಸಬೇಕಿತ್ತು. ಕಿಟಕಿಯ ಪರದೆ ಒಗೆಯುವ ಗಡಿಬಿಡಿಯಲ್ಲಿ ಗಮನಿಸಲಿಲ್ಲ.

ಮಿಸ್ ಪ್ರೆಂಟಿಸ್ ಎಳೆಯ ವಯಸ್ಸಿನವಳು, ಒಳ್ಳೆಯ ಮನಸ್ಸಿನವಳು. ಜೊತೆಗೆ ಊರಿನ ಪತ್ರಿಕೆಯ ಫೋಟೋದವನೂ ಬಂದಿದ್ದ. ಕ್ಲಾರೆನ್ಸ್ ಹೊಸ ಸೂಟಿನಲ್ಲಿ, ಕೈಯಲ್ಲಿ ಹೊಸ ಪಾಸ್‌ಪೋರ್ಟ್ ಹಿಡಿದು ಒಲೆಗೂಡಿನ ಮುಂದೆ ನೆಟ್ಟಗೆ ನಿಂತ. ಆಕೆ ಟೀ ಕುಡಿದು, ಕೇಕು ಹೊಗಳಿ, ಮೃದುವಾಗಿ ಕೇಳಿದಳು:

"ಆಫೀಸಲ್ಲಿ ನಿಮ್ಮ ಸಾಲು ಓದಿ ನಾವೆಲ್ಲ ಅತ್ತುಬಿಟ್ವಿ, ಮಿಸ್ಟರ್ ಸ್ಟ್ಯಾಥರ್. ಹೇಗೆ ಹೊಳೀತು ನಿಮಗೆ?"

ಮುದುಕ ಮೊದಲು ಈಡಿಯ ಪಟ ನೋಡಿದ, ಆಮೇಲೆ ಸೊಸೆಯನ್ನು. ಥೆಲ್ಮಾ ಕಣ್ಣಲ್ಲೇ ಬೇಡಿಕೊಂಡಳು.

"ಹೊಳೀಲಿಲ್ಲ" ಎಂದ. "ನಲವತ್ತು ವರ್ಷ ಅವಳ ಕೈಯಿಂದ ಆ ಲೋಟ ಇಸ್ಕೊಂಡೆ. ಒಂದಿನಾನೂ ಒಂದು ಒಳ್ಳೇ ಮಾತು ಹೇಳೋಕೆ ಬಾಯಿ ಬರ್ಲಿಲ್ಲ. ಇವಳು ಬಾಗಿಲ ಹತ್ರ ನಿಂತು ನೋಡಿದ್ದಳು, ನನ್ನ ಪರವಾಗಿ ಹೇಳಿದಳು. ಇದು ನಂದು ಅಂತ ಈಡಿ ಎದುರು ನಿಂತು ಹೇಳ್ಲಾ? ಇನ್ನೊಬ್ಬನ ಬಲೆ ಮೀನಿಗೆ ಕೈ ಹಾಕಿದವನಲ್ಲ ನಾನು. ಬರೆದೋಳು ಇವಳು. ನನ್ನ ಸೊಸೆ, ಥೆಲ್ಮಾ ಸ್ಟ್ಯಾಥರ್. ಫೋಟೋ ತೆಗೆಯೋದಿದ್ರೆ ಇವಳದ್ದು ತೆಗೀರಿ."

ಫೋಟೋದವನು ಹಿಂದೆಮುಂದೆ ನೋಡದೆ ತೆಗೆದೇಬಿಟ್ಟ. ಮಿಸ್ ಪ್ರೆಂಟಿಸ್ ಮುಖ ಕೆಂಪಾಗಿತ್ತು. ಕೇಳದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೂ ಅನಿಸಿರಬೇಕು. ಕೇಳಿಸಿಕೊಂಡ ಮೇಲೆ ದಾರಿಯಿರಲಿಲ್ಲ. ಬರಹ ಸ್ವಂತದ್ದಲ್ಲದ ಮೇಲೆ ಬಹುಮಾನ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದು ತಲೆ ತಗ್ಗಿಸಿ ಹೇಳಿ, ಟಿಕೆಟ್ಟಿನ ಲಕೋಟೆ ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಥೆಲ್ಮಾಳ ಕೈ ಹಿಡಿದು, "ತುಂಬ ಚೆನ್ನಾಗಿ ಬರೀತೀರಿ" ಎಂದಳು.

ಥೆಲ್ಮಾಳಿಗೆ ಆಗ ಹೊಗಳಿಕೆ ಬೇಕಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದಳು. ಅತ್ತಳು. ಕೀತ್ ಕೆಲಸದಿಂದ ಬಂದು ಸಮಾಧಾನ ಹೇಳಲು ಹೋಗಿ ಬೈಸಿಕೊಂಡ. ಮಾವನೊಂದಿಗೆ ಅವಳು ಎರಡು ದಿನ ಮಾತಾಡಲಿಲ್ಲ. ಒಂದು ಸುಳ್ಳು, ಯಾರಿಗೂ ನೋವಾಗದ ಸುಳ್ಳು, ಅದನ್ನು ಹೇಳಲು ಈ ಮುದುಕನಿಗೆ ಏನು ಧಾಡಿಯಾಗಿತ್ತು ಎಂದು ಒಳಗೊಳಗೇ ಕುದಿದಳು.

ಮೂರನೆಯ ದಿನ ಪತ್ರಿಕೆಯಲ್ಲಿ ಅವಳ ಚಿತ್ರ ಬಂತು. ಬಾಯಿ ಅರ್ಧ ತೆರೆದ, ಕಣ್ಣು ಅಗಲವಾದ, ಸ್ವಲ್ಪವೂ ಚೆಂದವಿಲ್ಲದ ಚಿತ್ರ. ಕೆಳಗೆ ಹನ್ನೊಂದು ಪದಗಳು, ಅವುಗಳ ಕೆಳಗೆ ಅವಳ ಹೆಸರು. ಹಿಂದೆ ಗೆದ್ದ ಅಷ್ಟೂ ಸ್ಪರ್ಧೆಗಳಲ್ಲಿ ಅವಳ ಹೆಸರು ಅಚ್ಚಾಗಿತ್ತು, ಅವಳ ಮಾತು ಅಚ್ಚಾಗಿರಲಿಲ್ಲ. ಬ್ರೆಡ್ ತರಲು ಹೊರಟವಳನ್ನು ಬೀದಿಯ ಹೆಂಗಸರು ತಡೆದು ನಿಲ್ಲಿಸಿದರು. ಗಂಡನನ್ನು ಕಡಲಿಗೆ ಕಳಿಸಿ ಕಾದವರು ಅವರು. ಯಾರೂ ಅದೃಷ್ಟವಂತೆ ಎನ್ನಲಿಲ್ಲ. ಒಬ್ಬ ಮುದುಕಿ ಅವಳ ತೋಳನ್ನು ಹಿಡಿದುಕೊಂಡವಳು ಬಿಡಲೇ ಇಲ್ಲ.

ಊಟದ ಹೊತ್ತಿಗೆ ಕ್ಲಬ್ಬಿನಿಂದ ಕ್ಲಾರೆನ್ಸನನ್ನು ಕರೆತರಲು ಹೋದಳು. ಅವನು ಕಿಸೆಯಿಂದ ಪತ್ರಿಕೆಯ ತುಂಡು ತೆಗೆದು ಯಾರಿಗೋ ತೋರಿಸುತ್ತಿದ್ದ. ಅವಳು ಬಾಗಿಲಲ್ಲಿ ಕಂಡದ್ದೇ ತಡ, "ಬಂದಳು ನೋಡಿ" ಎಂದ ಇಡೀ ಕೋಣೆಗೆ ಕೇಳುವಂತೆ. "ನಮ್ಮ ಥೆಲ್ಮಾ. ಬರೆಯೋಳು."

ಕೀತ್ ಹೆಂಡತಿ ಎನ್ನಲಿಲ್ಲ. ಎರಡು ದಿನದ ಸಿಟ್ಟು ಎಲ್ಲಿ ಹೋಯಿತೋ, ಥೆಲ್ಮಾ ಅಲ್ಲೇ ಕೋಟಿನ ಗುಂಡಿ ಸರಿಮಾಡಿಕೊಂಡು ತಲೆ ಎತ್ತಿ ನಿಂತಳು. ಅಷ್ಟು ಹೆಮ್ಮೆ ಅವಳಿಗೆ ದೋಣಿ ಗೆದ್ದಾಗಲೂ ಆಗಿರಲಿಲ್ಲ.

ಸಂಜೆ ಮೇಜಿನ ಮೇಲೆ ಒಂದು ಕಾಫಿ ಪುಡಿಯ ಕಂಪನಿಯ ಸ್ಪರ್ಧೆಯ ಹಾಳೆ ಹರಡಿಕೊಂಡು ಕೂತಾಗ ಕ್ಲಾರೆನ್ಸ್ ಬಂದು ಎದುರು ಕುರ್ಚಿ ಎಳೆದುಕೊಂಡ. "ಏನಿದೆ ಬಹುಮಾನ?"

"ಲಿಸ್ಬನ್. ಹಡಗಲ್ಲಿ."

"ನನ್ನ ಹೆಸರಲ್ಲಿ ಹಾಕ್ಬೇಡ. ಕೀತ್ ಹೆಸರಲ್ಲೂ ಬೇಡ. ನಿನ್ನ ಹೆಸರಲ್ಲೇ ಹಾಕು."

"ಒಂದೇ ಪ್ರವೇಶ ಆದ್ರೆ ಗೆಲ್ಲೋದು ಕಷ್ಟ ಮಾವ."

ಅವನು ಸೂಟಿನ ಒಳಕಿಸೆಯಿಂದ ಪಾಸ್‌ಪೋರ್ಟ್ ತೆಗೆದು ಹಾಳೆಯ ಪಕ್ಕದಲ್ಲಿಟ್ಟ. "ಗೆದ್ದವರ ಜೊತೆ ಒಬ್ಬರು ಹೋಗ್ಬಹುದು ಅಂತ ಇರುತ್ತಲ್ಲ, ಅದು ನಾನು. ಇದು ಹತ್ತು ವರ್ಷ ನಡೆಯುತ್ತಂತೆ. ನಾನು ಅಷ್ಟು ದಿನ ನಡೀತೀನೋ ಇಲ್ವೋ ಗೊತ್ತಿಲ್ಲ" ಎಂದು ಸೆಟೆದ ಬೆರಳಿನಿಂದ ಹಾಳೆಯನ್ನು ಅವಳತ್ತ ತಳ್ಳಿದ. "ಬೇಗ ಗೆಲ್ಲು ಹುಡುಗಿ."