ಬಾಗಿಲ ಪಕ್ಕದ ಚೌಕ

ಗೋಡೆ ತೊಳೆಯುವುದನ್ನು ಕಲಿಯಲು ಮೂರು ವಾರ ಬೇಕು ಎಂದರೆ ಜನ ನಗುತ್ತಾರೆ. ಆ ನಗುವನ್ನು ಹನ್ನೊಂದು ವರ್ಷ ನುಂಗಿಕೊಂಡು ಬಂದವನಿಗೆ ಬೀದಿಯವರು ಇಟ್ಟ ಹೆಸರು ಸರ್ಟಿಫಿಕೇಟು. ಮೂರು ವಾರ ಬೆಂಚಿನ ಮೇಲೆ ಕೂತು, ಕಲ್ಲು, ಇಟ್ಟಿಗೆ, ಗಾರೆ, ಗಾಜು ಎಲ್ಲದರ ಗುಣದೋಷ ಕೇಳಿಸಿಕೊಂಡು, ಪರೀಕ್ಷೆ ಬರೆದು, ಮೊಹರು ಬಿದ್ದ ಪತ್ರವೊಂದನ್ನು ತಂದಿದ್ದ. ಅದರ ಮೂಲ ಪ್ರತಿ ಮನೆಯ ಹಾಲಿನಲ್ಲಿ ಗಾಜಿನ ಹಿಂದಿತ್ತು. ಪ್ಲಾಸ್ಟಿಕ್ ಹೊದಿಸಿದ ನಕಲೊಂದು ವ್ಯಾನಿನಲ್ಲಿ, ಇನ್ನೊಂದು ಅಂಗಿಯ ಜೇಬಿನಲ್ಲಿ. ಎದುರಿನವರು ನಮಸ್ಕಾರ ಹೇಳಿ ಮುಗಿಸುವುದರೊಳಗೆ ಅವನ ಕೈ ಜೇಬಿಗೆ ಹೋಗಿರುತ್ತಿತ್ತು. ಆ ಹೆಸರು ಬಿರುದೋ ಗೇಲಿಯೋ ಎಂದು ಅವನು ಯಾವತ್ತೂ ವಿಚಾರಿಸಲು ಹೋಗಲಿಲ್ಲ. ಕೆಲವು ವಿಷಯ ವಿಚಾರಿಸದಿದ್ದರೇ ಕ್ಷೇಮ.

ವ್ಯಾನಿನ ಬದಿಯಲ್ಲಿ ಅವನ ಮಾವನ ಕೈಬರಹ. ಮಾವ ನಲವತ್ತು ವರ್ಷ ಅಂಗಡಿಗಳ ಬೋರ್ಡು ಬರೆದು ಈಗ ಮಗಳ ಮನೆಯಲ್ಲಿ ಆರಾಮವಾಗಿದ್ದರು. ಅಳಿಯನ ವ್ಯಾನೇ ಅವರ ಕೊನೆಯ ದೊಡ್ಡ ಕೆಲಸ. ‘ಅನರ್ಹರಿಂದ ಎಚ್ಚರಿಕೆ’ ಎಂದು ಮೂರು ಬಣ್ಣದಲ್ಲಿ, ಪ್ರತಿ ಅಕ್ಷರಕ್ಕೂ ನೆರಳು ಕೊಟ್ಟು ಬರೆದಿದ್ದರು. ಅಕ್ಷರಗಳು ಎಷ್ಟು ಮುದ್ದಾಗಿದ್ದವೆಂದರೆ ಯಾರಿಗೂ ಎಚ್ಚರಿಕೆ ಅನ್ನಿಸುತ್ತಿರಲಿಲ್ಲ.

ಅನರ್ಹರು ಮೊದಲಿಂದಲೂ ಇದ್ದರು. ಬಾಡಿಗೆಗೆ ನೀರಿನ ಯಂತ್ರ ತಂದು, ಒಂದೇ ಬೆಳಗ್ಗೆ ಗೋಡೆಯ ಕೊಳೆಯ ಜೊತೆ ಗೋಡೆಯ ಚರ್ಮವನ್ನೂ ಸುಲಿದು ಹೋಗುವವರು. ಅಂಥವರನ್ನು ನಿಭಾಯಿಸುವುದು ಸುಲಭ. ಹಾಳಾದ ಗೋಡೆಯ ಫೋಟೋ ತೆಗೆದುಕೊಂಡು ಮುಂದಿನ ಗಿರಾಕಿಗೆ ತೋರಿಸಿದರೆ ಮುಗಿಯಿತು. ಬಕೆಟ್ಟಕ್ಕ ಬಂದ ಮೇಲೆ ಅವನ ಲೆಕ್ಕಾಚಾರ ತಪ್ಪಿತು.

ಬಕೆಟ್ಟಕ್ಕ ಹಿಂದೆ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. ಎರಡು ಬಕೆಟ್, ಉದ್ದ ಕೋಲಿಗೆ ಕಟ್ಟಿದ ಬ್ರಶ್ಶು, ಬಟ್ಟೆ ಸೋಪಿನ ನೀರು, ಇಷ್ಟೇ ಅವಳ ಸರಂಜಾಮು. ಮೇಲಿನಿಂದ ಕೆಳಕ್ಕೆ ನಿಧಾನಕ್ಕೆ ಉಜ್ಜುತ್ತ, ಮಗುವಿನ ಬೆನ್ನು ತೊಳೆಯುವ ಹಾಗೆ ತೊಳೆಯುತ್ತಿದ್ದಳು. ಒಂದು ಮನೆಗೆ ನಾಲ್ಕು ದಿನ. ಎರಡು ವರ್ಷದಲ್ಲಿ ಒಂದಾದರೂ ಗೋಡೆ ಹಾಳುಮಾಡಬಾರದಿತ್ತೆ? ಅವಳ ವಿರುದ್ಧ ತೋರಿಸಲು ಒಂದು ಫೋಟೋ ಕೂಡ ಸಿಗಲಿಲ್ಲ.

‘ಅವಳ ಹತ್ರ ಏನಿದೆ ಹೇಳು? ತರಬೇತಿ ಇಲ್ಲ, ವಿಮೆ ಇಲ್ಲ, ತಲೆಗೆ ಹೆಲ್ಮೆಟ್ ಕೂಡ ಇಲ್ಲ,’ ಎಂದ ಸರ್ಟಿಫಿಕೇಟು ಒಂದು ಸಂಜೆ.

‘ಗಿರಾಕಿ ಇದಾರಲ್ಲ,’ ಎಂದಳು ಹೆಂಡತಿ. ಅವನ ರಬ್ಬರ್ ಕೈಗವಸಿನ ತೂತಿಗೆ ತೇಪೆ ಅಂಟಿಸುತ್ತಿದ್ದವಳು ತಲೆ ಎತ್ತಲಿಲ್ಲ.

‘ಸೋಪಿನ ನೀರಮ್ಮಾ ಅದು. ಸೋಪಿನ ನೀರು.’

‘ನೀವೂ ಸ್ನಾನಕ್ಕೆ ಅದನ್ನೇ ತಾನೆ ಹಾಕ್ಕೊಳ್ಳೋದು?’

ಮೂಲೆಯಲ್ಲಿ ಕೂತಿದ್ದ ಮಾವ ಕೆಮ್ಮಿದರು. ನಗು ಬಂದಾಗ ಅವರು ಕೆಮ್ಮುವುದು ರೂಢಿ.

ಇದಾದ ವಾರಕ್ಕೆ ಭೂಗೋಳದ ಟೀಚರ್ ಮನೆಯ ಗೋಡೆ ಬಕೆಟ್ಟಕ್ಕನ ಪಾಲಾಯಿತೆಂಬ ಸುದ್ದಿ ಬಂತು. ಸರ್ಟಿಫಿಕೇಟಿನ ಹೊಟ್ಟೆಗೆ ಬೆಂಕಿ ಬಿತ್ತು. ಟೀಚರ್ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು. ಬೀದಿಯ ಅರ್ಧಕ್ಕರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಅವರದು ಮೂಲೆ ಮನೆ, ಮರಳುಗಲ್ಲಿನದು, ಎದುರಿಗೇ ಬಸ್ ಸ್ಟಾಪು. ಆ ಗೋಡೆ ತೊಳೆದವರಿಗೆ ಬೀದಿಯೇ ಸಿಕ್ಕಿದ ಹಾಗೆ. ಬಸ್ಸು ಕಾಯುವವರು ಬೇರೆ ಇನ್ನೇನನ್ನು ನೋಡಿಯಾರು?

ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗೋಡೆಗೆ ಏನನ್ನಾದರೂ ಹಚ್ಚುವ ಮುಂಚೆ ಅಂಗೈಯಗಲದ ಒಂದು ಚೌಕ ತೊಳೆದು ನೋಡಬೇಕು. ಅದೂ ಎಲ್ಲಿ? ನೀರಿನ ಪೈಪಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕಡೆ. ಆಮೇಲೆ ಒಂದು ವಾರ ಸುಮ್ಮನಿರಬೇಕು. ಕಲ್ಲು ತನ್ನ ಅಭಿಪ್ರಾಯವನ್ನು ಅವಸರದಲ್ಲಿ ಹೇಳುವುದಿಲ್ಲ.

ಟೀಚರ್ ಮನೆ ಕೆಲಸ ಶುರುವಾದ ಮೂರನೇ ಬೆಳಗ್ಗೆ ಸರ್ಟಿಫಿಕೇಟು, ಬಕೆಟ್ಟಕ್ಕ ಇನ್ನೂ ಬಂದಿರದ ಹೊತ್ತು ನೋಡಿಕೊಂಡು, ‘ಸುಮ್ನೆ ಒಂದು ಪರೀಕ್ಷೆ ಟೀಚರ್, ನಮ್ಮ ಕಡೆಯಿಂದ,’ ಎಂದು ಹೋದ. ಅವನು ಚೌಕ ಮಾಡಿದ್ದು ಪೈಪಿನ ಹಿಂದಲ್ಲ, ಮುಂಬಾಗಿಲ ಪಕ್ಕದಲ್ಲಿ, ಕರೆಗಂಟೆಯ ಮೇಲ್ಗಡೆ. ಅಂಗೈಯಗಲದ್ದೂ ಅಲ್ಲ, ಮೊಳ ಉದ್ದ, ಮೊಳ ಅಗಲ. ನಾಲ್ಕೂ ಬದಿಗೆ ಟೇಪು ಅಂಟಿಸಿದ. ವ್ಯಾನಿನ ತಳದಲ್ಲಿ, ಹೊಸ ಇಟ್ಟಿಗೆಗೆ ಮೆತ್ತಿದ ಸಿಮೆಂಟು ಕೀಳಲೆಂದು ಇಟ್ಟಿದ್ದ ಆಮ್ಲದ ನೀಲಿ ಕ್ಯಾನಿತ್ತು. ಮರಳುಗಲ್ಲಿನ ಹತ್ತಿರ ಆ ಕ್ಯಾನನ್ನು ತರಲೇಬಾರದು ಎಂದು ತರಬೇತಿಯ ಪುಸ್ತಕದಲ್ಲಿತ್ತು. ಆ ಸಾಲು ಅವನಿಗೆ ಬಾಯಿಪಾಠ. ಕ್ಯಾನಿನ ಮುಚ್ಚಳ ತಿರುಗಿಸುವಾಗಲೂ ಅದನ್ನು ಮನಸ್ಸಿನಲ್ಲೇ ಒಪ್ಪಿಸುತ್ತಿದ್ದ.

ಗೋಡೆಯಲ್ಲಿ ಸಣ್ಣಗೆ ನೊರೆ ಎದ್ದಿತು. ನೀರು ಹೊಯ್ದು ಟೇಪು ಕಿತ್ತಾಗ ಬಾಗಿಲ ಪಕ್ಕದಲ್ಲಿ ನಿನ್ನೆ ಕಟ್ಟಿದಂಥ ಗೋಡೆಯ ತುಂಡೊಂದು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಸುತ್ತ ಇಡೀ ಮನೆ ಒಮ್ಮೆಗೇ ಕೊಳಕಾಯಿತು. ಬಕೆಟ್ಟಕ್ಕ ಎರಡು ದಿನ ಉಜ್ಜಿದ ಪಕ್ಕದ ಗೋಡೆಯೂ ಮುಖ ತೊಳೆಯದೆ ಎದ್ದು ಬಂದವರ ಹಾಗೆ ಕಂಡಿತು.

‘ನನ್ನ ಮನೆ ಇಷ್ಟು ಗಲೀಜಾಗಿತ್ತಾ?’ ಎಂದರು ಟೀಚರ್. ಧ್ವನಿ ಸಣ್ಣದಾಗಿತ್ತು. ಅವನು ಅದನ್ನು ಹೊಗಳಿಕೆ ಎಂದುಕೊಂಡ.

ಅಷ್ಟರಲ್ಲಿ ಬಕೆಟ್ಟಕ್ಕ ಬಂದಳು. ‘ಇದರ ಥರ ಮಾಡ್ತೀಯೇನಮ್ಮ?’ ಎಂದು ಟೀಚರ್ ಕೇಳಿದರು. ಅವಳು ಚೌಕದ ಮೇಲೆ ಬೆರಳಾಡಿಸಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು.

‘ಇದು ನನ್ನ ಕೈಲಿ ಆಗಲ್ಲ ಟೀಚರ್.’ ಆಮೇಲೆ ಅವನ ಕಡೆ ತಿರುಗಿದಳು. ‘ನಿಮ್ಮ ಕೈಲೂ ಆಗಬಾರದು ಅಣ್ಣಾ.’

‘ಅದಕ್ಕೇ ಕಣಮ್ಮಾ, ತರಬೇತಿ ಅಂತ ಇರೋದು,’ ಎಂದ ಅವನು.

ಅವಳು ಒಂದು ಬಕೆಟ್ಟಿನೊಳಗೆ ಇನ್ನೊಂದನ್ನು ಇಟ್ಟು, ಕೋಲು ಹೆಗಲಿಗೇರಿಸಿ ಹೊರಟುಹೋದಳು.

ಮನೆಯಲ್ಲಿ ಅವನು ಈ ಪ್ರಸಂಗವನ್ನು ಕೈ ಬಾಯಿ ತಿರುಗಿಸಿ ಹೇಳಿದ. ಮಾವ ಈ ಸಲ ಕೆಮ್ಮಲಿಲ್ಲ, ಬಾಯ್ತುಂಬ ನಕ್ಕರು. ಹೆಂಡತಿ ಮಾತ್ರ, ‘ಏನು ಹಾಕಿದ್ರಿ ಗೋಡೆಗೆ?’ ಎಂದಳು.

‘ಅದು ಕಸುಬಿನ ಗುಟ್ಟು.’

‘ನೀಲಿ ಕ್ಯಾನಿನ ಮುಚ್ಚಳ ಸಡಿಲ ಬಿಟ್ಟಿದೀರಿ. ಗುಟ್ಟು ವ್ಯಾನೆಲ್ಲ ನಾರ್ತಾ ಇದೆ.’

ಮುಚ್ಚಳ ಬಿಗಿ ಮಾಡಲು ವ್ಯಾನಿಗೆ ಹೋದವನಿಗೆ ತಾನೆಂಥ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಿದ್ದೇನೆ ಎಂಬುದು ಅಲ್ಲಿ ಹೊಳೆಯಿತು. ಟೀಚರ್ ಕೆಲಸ ಒಪ್ಪಿಸಿಯಾಗಿತ್ತು, ಗೋಡೆ ಈಗ ಅವನದು. ಅದನ್ನು ಕಲಿತ ಪ್ರಕಾರ ಮೆತ್ತಗೆ ತೊಳೆದರೆ ಬಕೆಟ್ಟಕ್ಕ ತೊಳೆದಷ್ಟೇ ಬಿಳಿ ಬರುತ್ತದೆ, ಚೌಕ ನಡುವೆ ಹಲ್ಲು ಕಿಸಿಯುತ್ತದೆ. ಚೌಕದ ಥರವೇ ತೊಳೆದರೆ ಇಡೀ ಮನೆಯನ್ನು ಕೊಂದ ಹಾಗೆ. ಅವಳನ್ನು ಓಡಿಸಲು ಮಾಡಿದ ಚೌಕ ಅವನನ್ನೇ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿತ್ತು.

ನೆಪಗಳು ಶುರುವಾದವು. ಮೊದಲ ದಿನ ಗಾಳಿ ಜಾಸ್ತಿ. ಎರಡನೇ ದಿನ ಪೈಪು ಸೀಳಿದೆ. ನಾಲ್ಕನೇ ದಿನ ಸೊಂಟ. ಆರನೇ ದಿನ ನೆಪ ಹುಡುಕುವ ಮುಂಚೆಯೇ ಫೋನು ಬಂತು. ‘ಬೇಗ ಬನ್ನಿ,’ ಎಂದರು ಟೀಚರ್, ಅಷ್ಟೇ.

ರಸ್ತೆಯ ತಿರುವಿನಿಂದಲೇ ಕಂಡಿತು. ಚೌಕ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹಳೆಯ ತಗಡೊಂದನ್ನು ಬಾಗಿಲ ಪಕ್ಕ ಜಡಿದ ಹಾಗಿತ್ತು. ಟೇಪು ಹಾಕಿ ಮಾಡಿದ್ದರಿಂದ ಅಂಚು ಮಾತ್ರ ಬಹಳ ಅಚ್ಚುಕಟ್ಟು. ಬಸ್ ಸ್ಟಾಪಿನಲ್ಲಿ ನಿಂತ ಐದಾರು ಜನ ಅದನ್ನೇ ನೋಡುತ್ತಿದ್ದರು.

‘ನೋಡಿದ್ರಾ ಆ ಹೆಂಗಸಿನ ಕೆಲಸ?’ ಎಂದರು ಟೀಚರ್. ‘ಹೊಟ್ಟೆಕಿಚ್ಚು. ಕೆಲಸ ಹೋಯ್ತಲ್ಲ, ಬಂದು ಏನೋ ಎರಚಿ ಹೋಗಿದಾಳೆ. ಕರೆಸಿದೀನಿ. ನೀವು ತಿಳಿದವರು, ನಿಮ್ಮ ಬಾಯಲ್ಲೇ ಹೇಳಿ ಅವಳಿಗೆ. ಇನ್ನು ಈ ಬೀದೀಲಿ ಒಂದು ಮನೆಯವರೂ ಅವಳನ್ನ ಗೇಟಿನ ಒಳಗೆ ಬಿಟ್ಕೊಳ್ಳಬಾರದು. ನಾನೇ ಎಲ್ಲರಿಗೂ ಹೇಳ್ತೀನಿ.’

ಟೀಚರ್ ಹೇಳಿದರೆ ಹೇಳಿದಂತೆಯೇ. ಎರಡು ವರ್ಷದಿಂದ ಅವನು ಬೇಡಿಕೊಳ್ಳುತ್ತಿದ್ದ ಫೋಟೋ ಮೊಳ ಉದ್ದ, ಮೊಳ ಅಗಲಕ್ಕೆ ಎದುರಿಗಿತ್ತು. ಬಾಯಿ ತೆರೆಯಬೇಕಾದ ಅಗತ್ಯವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಬಕೆಟ್ಟಕ್ಕ ಬರಿಗೈಯಲ್ಲಿ ಬಂದಳು. ಚೌಕ ನೋಡಿದಳು. ‘ನಾನಲ್ಲ ಟೀಚರ್,’ ಎಂದಳು.

‘ಮತ್ಯಾರು? ಗೋಡೆ ತಾನಾಗೇ ಬಣ್ಣ ಬಳ್ಕೊಂಡಿತಾ?’

ಈಗ ಹೇಳಬೇಕು ಎಂದುಕೊಂಡ ಸರ್ಟಿಫಿಕೇಟು. ಆಗ ಬಸ್ಸು ಬಂತು. ಬಸ್ಸಿನ ಸದ್ದಿನಲ್ಲಿ ಹೇಗೆ ಹೇಳುವುದು, ಅದು ಹೋಗಲಿ ಎಂದುಕೊಂಡ. ಬಸ್ಸು ಹೋಯಿತು. ಹಿಂದೆಯೇ ಒಂದು ಸೈಕಲ್ಲು ಬಂತು, ಅದೂ ಹೋಗಲಿ ಎಂದುಕೊಂಡ. ಸೈಕಲ್ಲಿನಲ್ಲಿ ಯಾವ ಸದ್ದೂ ಇರಲಿಲ್ಲ.

ಬಕೆಟ್ಟಕ್ಕ ಗೋಡೆಯನ್ನು ಬಿಟ್ಟು ಅವನ ವ್ಯಾನನ್ನು ನೋಡುತ್ತಿದ್ದಳು. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

‘ಬರೆದಿದ್ದು ಯಾರು ಅಣ್ಣಾ? ಅಕ್ಷರ ಚೆನ್ನಾಗಿದೆ.’

‘ನಮ್ಮ ಮಾವ,’ ಎಂದ ಅವನು. ಆ ವಿಚಾರಣೆಯಲ್ಲಿ ಅವನ ಬಾಯಿಂದ ಬಂದ ಮೊದಲ ಸತ್ಯ ಅದು.

ಅವಳು ಟೀಚರ್ ಕಡೆ ತಿರುಗಿದಳು. ‘ಉಜ್ಜಿ ನೋಡ್ತೀನಿ ಬಿಡಿ. ಯಾರು ಮಾಡಿದ್ರೇನು, ಕಲ್ಲಿಗೆ ನೋವಾಗಿದೆ.’

‘ಅಂದ್ರೆ ಒಪ್ಕೊಂಡ ಹಾಗಾಯ್ತಲ್ಲ?’

‘ನಾನು,’ ಎಂದ ಸರ್ಟಿಫಿಕೇಟು. ಅದು ಯಾರಿಗೂ ಕೇಳಿಸಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಇನ್ನೊಮ್ಮೆ ಹೇಳಿದ. ‘ನಾನೇ ಟೀಚರ್ ಮಾಡಿದ್ದು. ಅವತ್ತು ಹಾಕಿದ್ದು ಆಮ್ಲ. ಹಾಕಬಾರದಿತ್ತು.’

ಟೀಚರ್ ಅವನನ್ನು ಒಂದು ಗಳಿಗೆ ನೋಡಿದರು. ಅವರ ಮುಖ ಮೆತ್ತಗಾಯಿತು.

‘ಅವಳ ಹೊಟ್ಟೆ ಮೇಲೆ ಹೊಡೀಬಾರದು ಅಂತ ತಾನೆ?’ ಎಂದರು. ‘ದೊಡ್ಡ ಮನಸ್ಸು ಕಣ್ರೀ ನಿಮ್ದು. ಓದಿದವರಿಗೂ ಓದದವರಿಗೂ ಇದೇ ವ್ಯತ್ಯಾಸ. ಆದ್ರೆ ಇಂಥದ್ರಲ್ಲೆಲ್ಲ ದಾಕ್ಷಿಣ್ಯ ಮಾಡಬಾರದು.’

ನಾಚಿಕೆಯ ವಿಷಯವೆಂದರೆ, ಒಂದು ಗಳಿಗೆ ಅವನಿಗೆ ಇಷ್ಟೇ ಸಾಕೆನ್ನಿಸಿತು. ನಿಜ ಹೇಳಿದ್ದಾಯಿತು, ನಂಬದಿದ್ದರೆ ತನ್ನ ತಪ್ಪೆ? ಪ್ರಾಮಾಣಿಕತೆ ಇಷ್ಟು ಅಗ್ಗಕ್ಕೆ, ಮೇಲೆ ಹೊಗಳಿಕೆಯೂ ಸೇರಿ, ಇನ್ನೆಲ್ಲಿ ಸಿಗುತ್ತದೆ? ಅವನು ಬಕೆಟ್ಟಕ್ಕನ ಕಡೆ ಕದ್ದು ನೋಡಿದ. ಅವಳಿಗೆ ಸಿಟ್ಟೇನೂ ಬಂದಿರಲಿಲ್ಲ. ಏಣಿಯ ಮೇಲೆ ಕಾಲು ಜಾರುತ್ತಿರುವವನನ್ನು ಕೆಳಗೆ ನಿಂತವರು ನೋಡುವ ಹಾಗೆ ನೋಡುತ್ತಿದ್ದಳು. ಬೀಳ್ತಾನೋ, ಹಿಡ್ಕೊಳ್ತಾನೋ.

ಅವನು ವ್ಯಾನಿಗೆ ಹೋಗಿ ತರಬೇತಿಯ ಪುಸ್ತಕ ತಂದ. ನಲವತ್ತೊಂದನೇ ಪುಟ ಹುಡುಕಬೇಕಾಗಲಿಲ್ಲ, ತಾನಾಗಿಯೇ ತೆರೆದುಕೊಂಡಿತು. ಹನ್ನೊಂದು ವರ್ಷದಿಂದ ಎಷ್ಟೋ ಗಿರಾಕಿಗಳಿಗೆ ತೋರಿಸಿದ ಪುಟ ಅದು. ಟೀಚರ್ ಕನ್ನಡಕ ಏರಿಸಿ ಅಲ್ಲಿದ್ದ ಚಿತ್ರ ನೋಡಿದರು. ಗೋಡೆಯ ಚೌಕ ನೋಡಿದರು. ಮತ್ತೆ ಚಿತ್ರ ನೋಡಿದರು. ಪುಸ್ತಕವನ್ನು ಅವನ ಕೈಗೇ ವಾಪಸು ಕೊಟ್ಟರು.

‘ಓದಿ.’

‘ಟೀಚರ್...’

‘ಜೋರಾಗಿ. ನೆಟ್ಟಗೆ ನಿಂತ್ಕೊಂಡು.’

ಅವನಿಗೆ ನಲವತ್ತಾರು ವರ್ಷ. ನೆಟ್ಟಗೆ ನಿಂತುಕೊಂಡ. ‘ಕಬ್ಬಿಣದ ಅಂಶವಿರುವ ಮರಳುಗಲ್ಲಿಗೆ ಆಮ್ಲ ಸೋಕಿಸಬಾರದು. ಮೊದಲು ಬೆಳ್ಳಗೆ ಕಾಣುತ್ತದೆ. ವಾರದೊಳಗೆ ಒಳಗಿನ ಕಬ್ಬಿಣ ಹೊರಬಂದು ತುಕ್ಕಿನ ಕಲೆಯಾಗಿ ನಿಲ್ಲುತ್ತದೆ.’ ಅಲ್ಲಿಗೆ ನಿಲ್ಲಿಸಿದ.

‘ಕೆಳಗೆ ಇನ್ನೊಂದು ಸಾಲಿದೆ. ಕೆಂಪು ಗೆರೆ ಎಳೆದಿದೀರಿ.’

ಗೆರೆ ಅವನದೇ. ಗಿರಾಕಿಗಳಿಗೆ ಸುಲಭವಾಗಿ ಕಾಣಲೆಂದು ಎಳೆದದ್ದು. ‘ತರಬೇತಿ ಇಲ್ಲದವರು,’ ಎಂದು ಓದಿದ, ‘ಸಾಮಾನ್ಯವಾಗಿ ಮಾಡುವ ತಪ್ಪು.’

ಬಸ್ ಸ್ಟಾಪಿನಲ್ಲಿ ಯಾರೋ ಕೆಮ್ಮಿದರು.

‘ಮರಳುಗಲ್ಲಿನೊಳಗೆ ಕಬ್ಬಿಣ,’ ಎಂದರು ಟೀಚರ್, ತಮಗೆ ತಾವೇ ಎಂಬಂತೆ. ‘ಎಂಟನೇ ಕ್ಲಾಸಿಗೆ ನಾನೇ ಮಾಡ್ತಿದ್ದ ಪಾಠ. ಮನೆ ಬಾಗಿಲಲ್ಲಿದ್ದಿದ್ದು ನನಗೇ ಕಾಣಲಿಲ್ಲ.’ ಬಕೆಟ್ಟಕ್ಕನ ಕಡೆ ತಿರುಗಿ ಏನೋ ಹೇಳಲು ಹೋದರು. ಮೂವತ್ತು ವರ್ಷದ ನೌಕರಿಯಲ್ಲಿ ರೂಢಿಯಾಗಿರದ ಮಾತಿರಬೇಕು, ಬಾಯಿಗೆ ಬರಲಿಲ್ಲ. ‘ನಾಳೆ ಬಾಮ್ಮ,’ ಎಂದರು. ‘ಬಕೆಟ್ ತಗೊಂಡು ಬಾ. ಆ ಕಡೆ ಗೋಡೆ ಇನ್ನೂ ಬಾಕಿ ಇದೆ.’

ಬಕೆಟ್ಟಕ್ಕ ತಲೆಯಾಡಿಸಿದಳು. ಅವಳ ಕಣ್ಣು ಪುಸ್ತಕದ ಮೇಲಿತ್ತು.

‘ಕಲೆ ಹೋಗಿಸೋದು ಹೇಗೆ ಅಂತಲೂ ಅದ್ರಲ್ಲಿ ಬರೆದಿರಬೇಕಲ್ಲ ಅಣ್ಣಾ? ಮುಂದಕ್ಕೆ ತಿರುಗಿಸಿ.’

ಕುಹಕವಿಲ್ಲದ ಪ್ರಶ್ನೆ. ಕುಹಕವಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ತರಬೇತಿಯ ಪರೀಕ್ಷೆ ಇದ್ದದ್ದು ಅರ್ಧ ಪುಸ್ತಕಕ್ಕೆ. ಏನೇನು ಮಾಡಬಾರದು ಎಂಬ ಅರ್ಧಕ್ಕೆ. ಹಾಳಾದದ್ದನ್ನು ಸರಿಮಾಡುವ ಇನ್ನರ್ಧವನ್ನು ಬಿಡುವಾದಾಗ ಓದೋಣವೆಂದು ಬಿಟ್ಟಿದ್ದ. ತಾನು ಹಾಳುಮಾಡುವವನಲ್ಲವಲ್ಲ, ಅದರ ಅಗತ್ಯ ಬಿದ್ದಿರಲಿಲ್ಲ.

ಅವನು ಹಾಳೆ ತಿರುಗಿಸಿದ. ಹನ್ನೊಂದು ವರ್ಷ ಒಂದಕ್ಕೊಂದು ಕಚ್ಚಿಕೊಂಡಿದ್ದ ಹಾಳೆಗಳು ಚರ್‍ರೆಂದು ಬಿಟ್ಟುಕೊಂಡವು. ಇನ್ನೊಂದು ತಿರುಗಿಸಿದ. ಮತ್ತೆ ಅದೇ ಸದ್ದು.

ಪರೀಕ್ಷೆಯ ಹಿಂದಿನ ದಿನ ಮೊದಲ ಸಲ ತೆರೆದ ಪಠ್ಯಪುಸ್ತಕದ ಸದ್ದು ಭೂಗೋಳದ ಟೀಚರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅವರು ಅವನ ಮುಖ ನೋಡುವ ಗೋಜಿಗೂ ಹೋಗಲಿಲ್ಲ. ಕೈ ಚಾಚಿದರು. ಅವನು ಪುಸ್ತಕ ಕೊಟ್ಟ. ಅದನ್ನು ಅವರು ಬಕೆಟ್ಟಕ್ಕನಿಗೆ ದಾಟಿಸಿದರು.

ಅವಳು ಎರಡೂ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಮೆಟ್ಟಿಲ ಮೇಲೆ ಕೂತು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸುತ್ತ ಅಕ್ಷರ ಕೂಡಿಸತೊಡಗಿದಳು. ಎರಡು ಸಾಲು ಆದ ಮೇಲೆ ತಲೆ ಎತ್ತಿದಳು.

‘ಅಣ್ಣಾ, ಬೆಳಕಿಗೆ ಅಡ್ಡ ನಿಂತಿದೀರಿ.’

ಅವನು ಸರಿದು ನಿಂತ. ಸರಿಯಲು ಇದ್ದ ಜಾಗ ಬಾಗಿಲ ಪಕ್ಕದ್ದು ಮಾತ್ರ. ಅಲ್ಲಿ, ಚೌಕದ ಬದಿಯಲ್ಲಿ, ಮುಂದಿನ ಬಸ್ಸು ಬಂದು ಹೋಗುವವರೆಗೂ ನಿಂತೇ ಇದ್ದ.