ಒಂದೂವರೆ ಆಕ್ಸಿಜನ್

ನಾನು ರೊಟ್ಟಿ ಬಡಿಯುತ್ತಿದ್ದೆ. ಪಕ್ಕದಲ್ಲಿ ಮಗಳು ಪೂನಮ್ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತಿದ್ದಳು. ಮೊದಲ ಪಿಯುಸಿಯ ಕೆಮಿಸ್ಟ್ರಿಯಲ್ಲಿ ಫೇಲಾಗಿದ್ದಳು, ಮರುದಿನ ಮರುಪರೀಕ್ಷೆ. ಈ ಸಲವೂ ಹೋದರೆ ಕಾಲೇಜು ಸಾಕು, ಮನೆಯ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಲಿ ಎಂದು ಅವಳಪ್ಪ ಹೇಳಿಬಿಟ್ಟಿದ್ದರು. ಅವಳಿಗೆ ನರ್ಸ್ ಆಗಬೇಕಿತ್ತು.

“ಯವ್ವಾ, ಕಬ್ಬಿಣ ಎಪ್ಪತ್ತು ಪರ್ಸೆಂಟ್, ಆಕ್ಸಿಜನ್ ಮೂವತ್ತು. ಅವುಗಳ ಪರಮಾಣು ತೂಕದಿಂದ ಭಾಗಿಸಿದೆ. ಒಂದು ಕಬ್ಬಿಣಕ್ಕ ಒಂದೂವರಿ ಆಕ್ಸಿಜನ್ ಬಂತು. ಫಾರ್ಮುಲಾದಾಗ ಅರ್ಧಾ ಬರಿಯೂ ಹಂಗಿಲ್ಲ.”

“ಸೀರಿ ಪಟ್ಟಿ ಲೆಕ್ಕದಾಗ ಅರ್ಧಾ ಎಳಿ ಬಂದ್ರ ಏನ್ ಮಾಡ್ತೀವಿ? ಪೂರ್ತಿ ಒಂದು ಹಾಕ್ತೀವಿ. ಎರಡು ಮಾಡಿಬಿಡು,” ಎಂದೆ.

“ಮೇಡಂ ಆಗಿಬಿಟ್ಟೆಲ್ಲ ಬೇ ನೀ!” ನಗುತ್ತ ಬರೆದುಕೊಂಡಳು. ನನಗೂ ಹೆಮ್ಮೆಯಾಯಿತು.

ಪರೀಕ್ಷೆಯಲ್ಲಿ ಅದೇ ಲೆಕ್ಕ ಐದು ಅಂಕಕ್ಕೆ ಬಂತು. ಖುಷಿಯಿಂದ ಬಂದವಳು ಸಂಜೆ ಕೆಮಿಸ್ಟ್ರಿ ಕಲಿಸುವ ಲಗಮಣ್ಣ ಸರ್‌ಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಸರ್ ಹೇಳಿದ್ದನ್ನು ನಾನು ಪಾತ್ರೆ ತಿಕ್ಕುತ್ತ ಕೇಳಿಸಿಕೊಂಡೆ.

“ಅರ್ಧಾನ್ನ ಪೂರ್ತಿ ಮಾಡಬಾರದವ್ವಾ. ಎರಡೂ ಸಂಖ್ಯೆ ಎರಡರಿಂದ ಗುಣಿಸಬೇಕು. ಎರಡು ಕಬ್ಬಿಣ, ಮೂರು ಆಕ್ಸಿಜನ್. ಒಟ್ಟು ತೂಕ ನೂರಾ ಅರವತ್ತು ಕೊಟ್ಟಾರಲ್ಲ, ಅದಕ್ಕೂ ಸರಿ ಹೊಂದ್ತೈತಿ. ಮಾಲಿಕ್ಯುಲರ್ ಫಾರ್ಮುಲಾನೂ ಅದ.”

“ಆ ತೂಕಾನ್ನ ನನ್ನ ಫಾರ್ಮುಲಾದ ತೂಕದಿಂದ ಭಾಗಿಸಿದಾಗ ಒಂದು ಪಾಯಿಂಟ್ ಎಂಟು ಬಂತ್ರಿ ಸರ್. ಅದನ್ನೂ ಎರಡು ಮಾಡೀನಿ.”

“ಇರ್ಲಿ ಬಿಡವ್ವಾ, ಬ್ಯಾರೆ ಪ್ರಶ್ನೆಯಾಗ ಅಂಕ ಬರ್ತಾವ,” ಎಂದರು ಸರ್.

ಬರಲಿಲ್ಲ. ಪಾಸಾಗಲು ಮೂರು ಅಂಕ ಕಡಿಮೆ ಬಿದ್ದವು.

“ಓದಿದ್ದು ತಲಿಗಿ ಹತ್ತಲಿಲ್ರಿ ಅಪ್ಪಾ,” ಎಂದಳು ಪೂನಮ್. ನನ್ನ ಹೆಸರು ಎತ್ತಲಿಲ್ಲ.

“ಅಕಿಗಿ ತಪ್ಪು ಹೇಳಿಕೊಟ್ಟಾಕಿ ನಾನ್ರಿ. ಇನ್ನೊಂದು ವರ್ಷ ಓದಿಸೂಣು,” ಎಂದೆ.

“ಪರೀಕ್ಷೆ ಬರದಾಕಿ ನೀನೇನ? ಮಗಳನ್ನ ಉಳಸಾಕ ಸುಳ್ಳು ಹೇಳಬ್ಯಾಡ,” ಎಂದರು ಅವಳಪ್ಪ. ಗದರಲಿಲ್ಲ. ಗದರಿದ್ದರೆ ಮರುಮಾತಾದರೂ ಆಡುತ್ತಿದ್ದೆ.

ಈಗ ಎರಡು ವಾರವಾಯಿತು. ಅವಳ ಗೆಳತಿಯರ ಬಸ್ಸು ನಮ್ಮ ಓಣಿಯ ಮುಂದೆಯೇ ಹೋಗುತ್ತದೆ; ಆ ಹೊತ್ತಿಗೆ ಅವಳು ಕಂಡಿಕೆ ಸುತ್ತುವ ಚರಕದ ಮುಂದೆ ತಲೆ ತಗ್ಗಿಸಿ ಕೂತಿರುತ್ತಾಳೆ. ನಿನ್ನೆ ಅತ್ತೆ ಕೆಂಪವ್ವ, “ಎಷ್ಟ್ ಲಗೂ ಕಲತಳಲ್ಲೇ ನಿನ್ನ ಮಗಳು! ಕೈ ಭಾಳ ಚುರುಕ,” ಎಂದು ಹೊಗಳಿದರು. ನೋಡಿದರೆ ನಾನು ಅತ್ತುಬಿಡುತ್ತೇನೆಂದು ಪೂನಮ್ ನನ್ನ ಕಡೆ ನೋಡಲೇ ಇಲ್ಲ.