ಚಿಕ್ಕವ್ವನ ಸಾವಿಗೆ ಬೇಕಾದ ಹಲ್ಲು

ನೆರೆಮನೆಯ ಹಾಲನ್ ಸತ್ತ ದಿನ ನನ್ನ ಹಲ್ಲು ಅವನ ಹೆಣದ ಮೇಲೆ ಬಿತ್ತು.

ಸುಳ್ಳಲ್ಲ. ಊಟಿ ಬೆಟ್ಟದ ಕೂಕಲ್ತೊರೈ ಪಕ್ಕದ ನಮ್ಮ ಹಟ್ಟಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ನಮ್ಮ ಜನರಲ್ಲಿ ಸತ್ತವರನ್ನು ಮಣ್ಣಿಗೆ ಒಯ್ಯುವ ಮುಂಚೆ ಕರು ಹರಚುವುದು ಎಂದು ಒಂದು ಪದ್ಧತಿ ಇದೆ. ಹಿಂದೆ ಸತ್ತವರ ಪಾಪ ಹೊರಿಸಿ ಒಂದು ಕರು ಬಿಡುತ್ತಿದ್ದರಂತೆ, ಈಗ ಹೆಸರಷ್ಟೇ ಉಳಿದಿದೆ. ಹೆಣದ ಪಕ್ಕ ಒಬ್ಬ ನಿಂತು, ಮನುಷ್ಯ ಬದುಕಿನಲ್ಲಿ ಮಾಡಿರಬಹುದಾದ ತಪ್ಪುಗಳನ್ನೆಲ್ಲ ಒಂದೊಂದೇ ಸಾಲಾಗಿ ಹೇಳುತ್ತಾನೆ. ಪ್ರತಿ ಸಾಲಿಗೂ ಸೇರಿದ ಜನ ‘ಪಾಪ’ ಎಂದು ಒಟ್ಟಾಗಿ ಕೂಗುತ್ತಾರೆ. ಕೊನೆಗೆ, ಇದೆಲ್ಲ ಬಿಟ್ಟುಹೋಗಲಿ, ಹೋಗುವವರಿಗೆ ದಾರಿ ತೆರೆಯಲಿ ಎಂದು ಬೇಡಿಕೊಳ್ಳುತ್ತೇವೆ. ಹೇಳುವವನ ಸಾಲು ಜನಕ್ಕೆ ತಿಳಿಯಬೇಕು. ತಿಳಿಯದೆ ಯಾರು ಕೂಗುತ್ತಾರೆ? ಕೂಗದಿದ್ದರೆ ಕರು ಹರಚಿದಂತಲ್ಲ, ಪಾಪ ಕಳೆಯುವುದಿಲ್ಲ.

ಇದನ್ನು ನಾನು ಅಪ್ಪನಿಂದ ಕಲಿತೆ. ಅಪ್ಪ ಹೋದ ಮೇಲೆ ನಮ್ಮ ಹಟ್ಟಿಯಲ್ಲಿ ಮೊದಲಿನಿಂದ ಕೊನೆತನಕ ಬರುವುದು ನನಗೊಬ್ಬನಿಗೇ. ನನ್ನ ಹೆಸರು ಭೋಜ. ಸ್ವಲ್ಪ ಟೀ ತೋಟ ಇದೆ, ತುಂಬ ಸಿಟ್ಟಿದೆ. ಹಲ್ಲು ಮಾತ್ರ ಉಳಿಯಲಿಲ್ಲ. ಒಸಡು ಊದಿಕೊಂಡು, ರಕ್ತ ಬಂದು, ಮೇಲಿನ ಮುಂದಿನ ನಾಲ್ಕು ಹಲ್ಲು ಒಂದರ ಹಿಂದೆ ಒಂದು ಅಲ್ಲಾಡಿ ಹೋದವು. ಕೋತಗಿರಿಯಲ್ಲಿ ಒಬ್ಬನ ಹತ್ತಿರ ಕಳಚಿ ಹಾಕುವ ಸೆಟ್ಟು ಮಾಡಿಸಿದೆ. ಗುಲಾಬಿ ಬಣ್ಣದ ತಗಡಿನಂಥದ್ದಕ್ಕೆ ಅಂಟಿಸಿದ ನಾಲ್ಕು ಹಲ್ಲು. ಮೆಲ್ಲಗೆ ಮಾತಾಡಿದರೆ ನಿಲ್ಲುತ್ತಿತ್ತು.

ಕರು ಹರಚುವವನು ಮೆಲ್ಲಗೆ ಮಾತಾಡುತ್ತಾನಾ? ಅರ್ಧ ದಾರಿಯಲ್ಲಿ ಗಂಟಲು ಎತ್ತಿ ಒಂದು ಸಾಲು ಹೇಳಿದೆ. ಸೆಟ್ಟು ಹಾರಿ ಹಾಲನ್ ಎದೆಗೆ ಬಡಿದು, ಬಿಳಿ ಬಟ್ಟೆಯ ಮಡಿಕೆಯಲ್ಲಿ ಕೂತಿತು. ಮಂಚದ ಸುತ್ತ ಅಳುತ್ತಿದ್ದ ಹೆಂಗಸರು ಗಕ್ಕನೆ ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಜೋಗಿ ನಕ್ಕ. ಜೋಗಿ ನನ್ನ ವಾರಿಗೆಯವನು, ನಮ್ಮೆಲ್ಲರ ಹಸಿರೆಲೆ ತೂಕ ಹಾಕಿಕೊಂಡು ಫ್ಯಾಕ್ಟರಿಗೆ ಸಾಗಿಸುವ ಏಜೆಂಟ್. ಬಾಯಿ ತುಂಬ ಹಲ್ಲು ಅವನಿಗೆ. ಅಷ್ಟನ್ನೂ ತೋರಿಸಿ ನಕ್ಕ. ನಾನು ಹಲ್ಲು ಎತ್ತಿ ಜೇಬಿಗೆ ಹಾಕಿಕೊಂಡು ಅವನ ಮೇಲೇರಿ ಹೋದೆ. ಜನ ಹಿಡಿದರು. ಉಳಿದದ್ದನ್ನು ಹಾಗೇ ಬೊಚ್ಚುಬಾಯಲ್ಲಿ ಮುಗಿಸಿದೆ. ಯಾವ ಸಾಲು ಎಲ್ಲಿ ಮುಗಿಯಿತೆಂದು ತಿಳಿಯದೆ ಜನ ಎಲ್ಲೆಲ್ಲೋ ‘ಪಾಪ’ ಎಂದರು.

ಅವತ್ತಿನಿಂದ ಜೋಗಿಯ ಜೊತೆ ಮಾತು ಬಿಟ್ಟೆ. ಎಲೆ ಚೀಲ ಕೊಡುವಾಗ ತಕ್ಕಡಿಯ ಮುಳ್ಳು ನೋಡುತ್ತಿದ್ದೆನೇ ಹೊರತು ಅವನ ಮುಖ ನೋಡುತ್ತಿರಲಿಲ್ಲ.

ಅದಾದ ಮೇಲೆ ಕೆಂಪಿ ಚಿಕ್ಕವ್ವ ಹೇಳಿಕಳಿಸಿದಳು. ಅವ್ವನ ತಂಗಿ, ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ತೋಟದ ಇಳಿಜಾರಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಒಲೆಯ ಪಕ್ಕ ಮಲಗಿದ್ದಳು.

“ಬಾ. ಹಲ್ಲು ಬಾಯಲ್ಲಿದೆಯಾ, ಜೇಬಲ್ಲಿದೆಯಾ?”

“ನೀನೂ ಶುರು ಮಾಡಬೇಡ ಚಿಕ್ಕವ್ವ.”

“ನಾನೆಲ್ಲಿ ನಗಲಿ? ನಗೋಕೂ ಹಲ್ಲು ಬೇಕಲ್ಲ.” ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. “ನೋಡು ಭೋಜ, ನಿಮ್ಮ ಚಿಕ್ಕಪ್ಪ ಹೋದಾಗ ಹೇಳೋಕೆ ನಿಂತವನು ಕುಡಿದು ಬಂದಿದ್ದ. ಅರ್ಧಕ್ಕರ್ಧ ಹಾರಿಸಿಬಿಟ್ಟ. ಇವತ್ತಿಗೂ ನಿಮ್ಮ ಚಿಕ್ಕಪ್ಪ ಕನಸಲ್ಲಿ ಬಂದು ಬಾಗಿಲಲ್ಲೇ ನಿಲ್ತಾನೆ. ಒಳಗೆ ಬಾ ಅಂದ್ರೆ ಬರಲ್ಲ, ಹೋಗು ಅಂದ್ರೆ ಹೋಗಲ್ಲ. ನನಗೆ ಹಾಗೆ ನಿಲ್ಲೋಕಾಗಲ್ಲಪ್ಪ, ಸೊಂಟ ಮುರಿದಿದೆ. ಒಂದು ಸಾಲೂ ಬಿಡದೆ, ಎಲ್ಲರಿಗೂ ಕೇಳೋ ಹಾಗೆ ಹೇಳ್ತೀಯಾ?”

“ಹೇಳ್ತೀನಿ.”

“ಹಲ್ಲು ಸರಿ ಮಾಡ್ಕೊ ಮೊದಲು.”

ನನ್ನ ಮಗಳು ಸುಗನ್ಯಾ ಊಟಿಯಲ್ಲಿ ಸ್ಕೂಲ್ ಟೀಚರ್. ಅವಳೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಇನ್ನೂ ಮೀಸೆ ಗಟ್ಟಿಯಾಗದ ತಮಿಳು ಹುಡುಗ, ನಮ್ಮ ಮಾತನ್ನೂ ಅಷ್ಟಿಷ್ಟು ಕಲಿತಿದ್ದ. ದವಡೆಯ ಎಲುಬಿನೊಳಗೆ ಎರಡು ಸ್ಕ್ರೂ ಕೂರಿಸಿ, ಅದರ ಮೇಲೆ ನಾಲ್ಕು ಹಲ್ಲು ಕಟ್ಟುತ್ತೇನೆ, ಕೂಗಿದರೂ ಬೀಳುವುದಿಲ್ಲ ಎಂದ.

“ಸ್ಕ್ರೂನಾ? ಬಾಗಿಲಿಗಾ, ನನ್ನ ಬಾಯಿಗಾ?” ಎಂದೆ.

ಸುಗನ್ಯಾ ತೊಡೆ ಚಿವುಟಿದಳು.

ಮೊದಲು ಒಸಡು ತೊಳೆದು, ಹಲ್ಲಿನ ಸಂದಿಯಲ್ಲಿ ಗಾರೆಯಂತೆ ಕಟ್ಟಿದ್ದ ಕೊಳೆ ಕೆರೆದು ಶುದ್ಧ ಮಾಡಿದ. ರಕ್ತ ಪರೀಕ್ಷೆ ಮಾಡಿಸಿ ಸಕ್ಕರೆ ಕಾಯಿಲೆ ಇಲ್ಲವೆಂದು ನೋಡಿಕೊಂಡ. ಆಮೇಲೆ ಒಂದು ದಿನ ಮರಗಟ್ಟುವ ಸೂಜಿ ಚುಚ್ಚಿ ಎಲುಬು ಕೊರೆದ. ನೋವಾಗಲಿಲ್ಲ, ಆದರೆ ತಲೆಯೊಳಗೇ ರಸ್ತೆ ಕೆಲಸ ನಡೆದಂತೆ ಸದ್ದು. ಎಲುಬು ಬೆಳೆದು ಸ್ಕ್ರೂವನ್ನು ಬಿಗಿಯಾಗಿ ಹಿಡಿಯಲು ಕೆಲವು ತಿಂಗಳು ಬೇಕು, ಆಮೇಲೆ ಹಲ್ಲು ಎಂದ.

“ಬೀಡಿ?” ಎಂದೆ.

“ಮುಟ್ಟಬಾರದು.”

“ಎಲೆ ಅಡಿಕೆ ಹೊಗೆಸೊಪ್ಪು?”

“ಅದೂ ಮುಟ್ಟಬಾರದು. ಬಾಯಿ ಮಾತ್ರ ಸುತ್ತಮಾ ವೆಚ್ಚುಕ್ಕೋಂಗ ಐಯಾ. ಶುದ್ಧ, ಶುದ್ಧ ಇಟ್ಕೊಳ್ಳಿ. ಅದೇ ಮುಖ್ಯ.”

ಬೀಡಿ ಬಿಟ್ಟೆ. ಎಲೆ ಅಡಿಕೆ ಬಿಟ್ಟೆ. ಬಿಟ್ಟ ಸಿಟ್ಟಿಗೆ ಮನೆಯಲ್ಲಿ ಪಾತ್ರೆ ಎಸೆದೆ. ನನ್ನ ಹೆಂಡತಿ ಮಲ್ಲಿ ರೋಸಿಹೋಗಿ, “ಹಲ್ಲಿಲ್ಲದ ಗಂಡನೇ ವಾಸಿ, ಒಂದು ಬೀಡಿ ಸೇದಿಬಿಡು” ಎಂದಳು. ಸೇದಲಿಲ್ಲ. ಶುದ್ಧದ ವಿಷಯದಲ್ಲಂತೂ ನನ್ನ ಹಾಗೆ ಯಾರೂ ಬಾಯಿ ಇಟ್ಟುಕೊಂಡಿರಲಿಕ್ಕಿಲ್ಲ. ನಮ್ಮ ಹಟ್ಟಿಯಲ್ಲಿ ಬೆಳಿಗ್ಗೆ ಎದ್ದರೆ ಹಲ್ಲಿಗೆ ನಶ್ಯ ತಿಕ್ಕುತ್ತೇವೆ. ಸಂತೆಯಲ್ಲಿ ಸಿಗುವ ಕಂದು ಪುಡಿ, ತೋರುಬೆರಳಲ್ಲಿ ಅದ್ದಿ ಒಸಡಿಗೆ ಉಜ್ಜಿದರೆ ಜುಮ್ಮೆಂದು ನೀರು ಬಿಟ್ಟು ಬಾಯಿ ಹಗುರಾಗುತ್ತದೆ. ಅಪ್ಪ ತಿಕ್ಕಿದ, ಅವ್ವ ತಿಕ್ಕಿದಳು, ಚಿಕ್ಕವ್ವನೂ ತಿಕ್ಕುತ್ತಾಳೆ. ಬೀಡಿ ಚಟ, ನಶ್ಯ ಮುಖ ತೊಳೆಯುವ ಕೆಲಸ. ಸೋಪಿನ ಹಾಗೆ. ಅದುವರೆಗೆ ಬೆಳಿಗ್ಗೆ ಒಂದು ಸಲ ತಿಕ್ಕುತ್ತಿದ್ದವನು, ಡಾಕ್ಟರ್ ಶುದ್ಧ ಶುದ್ಧ ಎಂದಿದ್ದಾನಲ್ಲ ಎಂದು ಪ್ರತಿ ಊಟಕ್ಕೂ ತಿಕ್ಕತೊಡಗಿದೆ. ಮಲಗುವ ಮುಂಚೆ ಇನ್ನೊಂದು ಸಲ. ಸುಗನ್ಯಾ ತಂದುಕೊಟ್ಟ ಬ್ರಷ್ಷು ಗಾಯಕ್ಕೆ ಚುಚ್ಚಿತು. ಅದನ್ನೂ ಪೇಸ್ಟನ್ನೂ ಅಟ್ಟದ ಮೇಲಿಟ್ಟೆ.

“ಇಷ್ಟು ಉಜ್ಜಿದರೆ ಹಲ್ಲು ತಾನಾಗೇ ಮೊಳಕೆ ಒಡೆಯುತ್ತೆ” ಎಂದಳು ಮಲ್ಲಿ.

ಮತ್ತೆ ಹೋದಾಗ ಡಾಕ್ಟರ್ ಏನೋ ಕಡ್ಡಿಯಿಂದ ಸ್ಕ್ರೂವನ್ನು ತಟ್ಟಿದ. ಅದು ಅಲ್ಲಾಡಿದ್ದು ನನಗೇ ಗೊತ್ತಾಯಿತು. ಅವನು ಎಕ್ಸ್‌ರೇ ಪಟ ತೆಗೆದು ನೋಡಿದ. ನೋಡಿದವನು ನನ್ನ ಕಡೆ ತಿರುಗಲಿಲ್ಲ.

“ಬೀಡಿ ಸೇದಿದ್ರಾ ಐಯಾ?”

“ಮಲ್ಲಿ ತಲೆ ಮೇಲೆ ಕೈಯಿಟ್ಟು ಹೇಳ್ತೀನಿ, ಒಂದೂ ಇಲ್ಲ!”

“ಹಲ್ಲು ಯಾವುದರಲ್ಲಿ ಉಜ್ಜುತ್ತೀರಿ?”

ಅದಕ್ಕಾಗಿಯೇ ಕಾದಿದ್ದವನಂತೆ ಜೇಬಿನಿಂದ ಡಬ್ಬಿ ತೆಗೆದು ಅವನ ತಟ್ಟೆಯ ಮೇಲಿಟ್ಟೆ. ಅವನು ಮುಚ್ಚಳ ತೆರೆದು ಮೂಸಿ ಸೀನಿದ. ಮತ್ತೆ ಸೀನಿದ. ಆಮೇಲೆ ಕೈಗವಸು ಕಳಚಿ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತ.

“ಇದು ಹೊಗೆಸೊಪ್ಪು ಐಯಾ.”

“ಇದು ಹಲ್ಲುಪುಡಿ.”

“ಪುಡಿ ಮಾಡಿದ ಹೊಗೆಸೊಪ್ಪು. ನಿಮ್ಮ ಒಸಡು ತಿಂದು, ಆ ನಾಲ್ಕು ಹಲ್ಲು ಉದುರೋಕೆ ಇದೂ ಕಾರಣ. ಈಗ ಗಾಯ ಮಾಯೋಕೂ ಬಿಡಲಿಲ್ಲ.”

“ಮೊದಲೇ ಕೇಳೋಕೆ ಏನಾಗಿತ್ತು ನಿನಗೆ?”

“ಹಲ್ಲಿಗೆ ಇದನ್ನು ತಿಕ್ಕುತ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನೀವು ಹೇಳಬೇಕಿತ್ತು.”

ಮುಖ ತೊಳೆಯುತ್ತೇನೆ ಎಂದು ಡಾಕ್ಟರಿಗೆ ಯಾರಾದರೂ ಹೇಳುತ್ತಾರಾ? ಕುರ್ಚಿ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಆದರೆ ಯಾರ ಮೇಲೆ ಎಸೆಯುವುದು? ಬಾಯಿ ತೆರೆದೆ. ಸ್ಕ್ರೂ ಎರಡೂ ತಿರುಗಿಸುವ ಮುಂಚೆಯೇ ಬಂದವು.

ಎಲುಬು ತುಂಬಿಕೊಳ್ಳಲು ಅರ್ಧ ವರ್ಷ ಬೇಕು, ಅಲ್ಲಿತನಕ ನಶ್ಯ ಬಿಟ್ಟು ಬೆಳಿಗ್ಗೆ ರಾತ್ರಿ ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ಉಪ್ಪುನೀರಲ್ಲಿ ಮುಕ್ಕಳಿಸಿ, ಆಮೇಲೆ ನೋಡೋಣ ಎಂದ.

“ನನ್ನ ಚಿಕ್ಕವ್ವ ಅಷ್ಟು ದಿನ ಕಾಯಲ್ಲ” ಎಂದೆ.

ಚಿಕ್ಕವ್ವನಿಗೆ ನಡೆದದ್ದನ್ನು ಹೇಳಿದೆ. ಕೇಳಿ, ಕೆಮ್ಮು ಬರುವ ತನಕ ನಕ್ಕಳು. “ಓಹೋ, ನನ್ನ ಬಾಯಿ ಖಾಲಿ ಮಾಡಿದ ಕಳ್ಳ ಇವನೇನಾ! ಎಲ್ಲಿ, ಒಂದು ಚಿಟಿಕೆ ಕೊಡು.”

“ಕೇಳಿದ ಮೇಲೂನಾ?”

“ನನ್ನ ಹತ್ತಿರ ಇನ್ನೇನಿದೆ ಅವನು ಕದಿಯೋಕೆ?” ಕೊಟ್ಟೆ. ಒಸಡಿಗೆ ಒತ್ತಿಕೊಂಡು ಕೇಳಿದಳು, “ಹಾಗಾದ್ರೆ ನನ್ನ ಕರು ಹರಚೋರು ಯಾರು?”

“ನಾನೇ ಹೇಳ್ತೀನಿ, ಹೀಗೇ. ಹಳೇ ಸೆಟ್ಟು ಈಗ ಒಸಡಿಗೆ ಕೂರಲ್ಲ.”

“ಹೇಳಿ ತೋರಿಸು.”

ಬದುಕಿದ್ದವರ ಮುಂದೆ ಅದನ್ನು ಹೇಳಬಾರದು. ಆದರೂ ಮೊದಲ ನಾಲ್ಕು ಸಾಲು ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು.

“ಗಾಳಿ ಬರ್ತಿದೆ, ಮಾತು ಬರ್ತಿಲ್ಲ” ಎಂದಳು. ಆಮೇಲೆ, “ಜೋಗಿಗೆ ಹಲ್ಲಿದೆ.”

“ಅವನ ಹೆಸರು ಎತ್ತಬೇಡ.”

“ಹಲ್ಲಿದೆ ಅಂದೆ. ಒಳ್ಳೆಯವನು ಅಂದೆನಾ?”

ನಾನು ಎದ್ದು ಬಂದೆ.

ಹಿಮ ಬೀಳುವ ಕಾಲದಲ್ಲಿ, ಒಂದು ಬೆಳಿಗ್ಗೆ ಚಿಕ್ಕವ್ವ ಹೋದಳು. ಮಂಚ ಹೊರಗೆ ಬಂತು, ಸುತ್ತಲ ಹಟ್ಟಿಗಳ ಜನ ಸೇರಿದರು. ಹೆಂಗಸರು ಅತ್ತು ಮುಗಿಸಿ ನನ್ನ ಕಡೆ ನೋಡಿದರು. ನಾನು ಹೆಣದ ಪಕ್ಕ ನಿಂತೆ. ಬಾಯಿ ತೆರೆದದ್ದೇ ತಣ್ಣನೆ ಗಾಳಿ ಒಸಡಿನ ಗುಳಿಗೆ ಹೊಡೆಯಿತು. ಮೊದಲ ಸಾಲು ಹೇಳಿದೆ. ಮುಂದಿದ್ದ ಒಬ್ಬಿಬ್ಬರು ‘ಪಾಪ’ ಎಂದರು. ಹಿಂದಿದ್ದವರು ಮುಖ ಮುಖ ನೋಡಿಕೊಂಡರು. ಹೀಗಾದರೆ ಚಿಕ್ಕವ್ವನೂ ಬಾಗಿಲಲ್ಲೇ ನಿಲ್ಲುತ್ತಾಳೆ, ಮುರಿದ ಸೊಂಟದಲ್ಲಿ.

ಜೋಗಿ ಹಿಂದುಗಡೆ ಕೈ ಕಟ್ಟಿ, ತಲೆ ತಗ್ಗಿಸಿ ನಿಂತಿದ್ದ.

“ಜೋಗಿ! ಬಾ ಇಲ್ಲಿ.”

ಜನ ದಾರಿ ಬಿಟ್ಟರು. ಹೊಡೆಯುತ್ತೇನೆ ಎಂದುಕೊಂಡನೋ ಏನೋ, ಕೈಯಳತೆಗೆ ಸಿಗದಂತೆ ನಿಂತ. “ಅವತ್ತು ನಕ್ಕಿದ್ದು ತಪ್ಪಾಯ್ತು ಭೋಜ. ಇಲ್ಲಿ ಬೇಡ, ಕೆಂಪಿ ಅವ್ವನ ಮುಂದೆ.”

“ಹತ್ತಿರ ಬಾ ಅಂದೆ. ನಾನು ಹೇಳಿದ್ದನ್ನು ನೀನು ಕೂಗಿ ಹೇಳು.”

“ನನಗೆ ಅದು ಬರಲ್ಲಪ್ಪ.”

“ಬರಲ್ಲ ಅಂತ ಊರಿಗೇ ಗೊತ್ತು. ಕಿವಿ ಕೊಡು.”

ಅವನ ಹೆಗಲು ಹಿಡಿದೆಳೆದು ಕಿವಿಗೆ ಬಾಯಿಟ್ಟೆ. ಒಂದು ಸಾಲು ಹೇಳಿದೆ. ಅವನು ತಲೆಯೆತ್ತಿ ಕೂಗಿದ. ಎಲೆ ಲಾರಿ ಬಂತೆಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗುವ ಗಂಟಲು ಅವನದು. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಿತ್ತು. ಜನರೆಲ್ಲ ಒಟ್ಟಿಗೆ ‘ಪಾಪ’ ಎಂದರು. ಹಾಗೇ ನಡೆಯಿತು. ಒಂದು ಕಡೆ ಮಾತು ನುಂಗಿದ. ಕತ್ತು ಹಿಂಡಿದೆ, ಮತ್ತೆ ಸರಿಯಾಗಿ ಹೇಳಿದ. ತುಂಬ ಉದ್ದ ಅದು. ನಿಂತೂ ನಿಂತೂ ಅವನ ಮೇಲೇ ಭಾರ ಹಾಕಿದೆ. ಅವನ ಬಾಯಿಂದ ಪೇಸ್ಟಿನ ವಾಸನೆ ಬರುತ್ತಿತ್ತು.

ಬಿದ್ದವನನ್ನು ಕಂಡು ನಗುವುದರ ಬಗ್ಗೆ ಒಂದು ಸಾಲಿದೆ. ಅದನ್ನು ಹೇಳಿದಾಗ ಜೋಗಿ ತಿರುಗಿ ನನ್ನ ಮುಖ ನೋಡಿದ. ನಾನು ಸೇರಿಸಿದ್ದಲ್ಲ, ಅಪ್ಪನ ಕಾಲದಿಂದ ಇರುವುದೇ. ಆಮೇಲೆ ಉಳಿದೆಲ್ಲ ಸಾಲಿಗಿಂತ ಗಟ್ಟಿಯಾಗಿ ಕೂಗಿದ. ಅದರ ಮುಂದಿನ ಸಾಲು ಒಂದೇ ಹಟ್ಟಿಯವರ ಮೇಲೆ ಹಗೆ ಇಟ್ಟುಕೊಳ್ಳುವುದರದ್ದು. ಅದನ್ನು ಅವನ ಕಿವಿಗೆ ಹೇಳಲು ನಾನೂ ಕೊಂಚ ತಡಮಾಡಿದೆ. ಹೇಳಿದೆ. ಒಂದು ಸಾಲೂ ಬಿಡಲಿಲ್ಲ.

ಮಣ್ಣು ಮುಗಿಸಿ ಇಳಿಯುವಾಗ ಜೋಗಿ ಹೊದ್ದ ಬಟ್ಟೆಯಂಚಿನಿಂದ ಕಿವಿ ಒರೆಸಿಕೊಳ್ಳುತ್ತ ಬಂದ.

“ನಿನ್ನ ಎಂಜಲೆಲ್ಲ ನನ್ನ ಕಿವೀಲಿ.”

“ಹಲ್ಲಿಲ್ಲ, ಏನು ಮಾಡಲಿ?”

“ಇನ್ನೊಂದು ಸಲ ಕರೆದ್ರೆ ಟವೆಲ್ ತರ್ತೀನಿ.”

ಮನೆಯಲ್ಲಿ ಮಲ್ಲಿ ಉಪ್ಪುನೀರು ಬಿಸಿಮಾಡಿ ಇಟ್ಟಿದ್ದಳು. ಜಗಲಿಯಲ್ಲಿ ಕೂತು ಮುಕ್ಕಳಿಸಿದೆ. ಬ್ರಷ್ಷು ತೆಗೆದುಕೊಂಡು ಉಳಿದ ಹಲ್ಲನ್ನು ಉಜ್ಜಿದೆ. ಕೈ ಎತ್ತಲಾಗದಷ್ಟು ಆಯಾಸ, ಆದರೂ ಉಜ್ಜಿದೆ. ನಾಳೆ ಎಲೆ ಕೊಯ್ಯುವುದಿದೆ, ಜೋಗಿಯ ಲಾರಿ ಬರುತ್ತದೆ. ಇನ್ನು ಮೇಲೆ ತಕ್ಕಡಿಯ ಮುಳ್ಳಿನ ಜೊತೆಗೆ ಅವನ ಮುಖವನ್ನೂ ನೋಡಬೇಕು. ಅದೊಂದು ಹೊಸ ಕಷ್ಟ.